ಹಸಿದ ಹಾವಿಗೆ ಮೊದಲ ತುತ್ತು

ರಾತ್ರಿಯ ಹೊತ್ತು ಹಾವೆಂಬ ಹೆಸರನ್ನೆತ್ತಲೂ ಅಂಜಿ ‘ಹುಳ’ ಎಂದಷ್ಟೇ ಹೇಳುವ ವಾಡಿಕೆ ನಮ್ಮ ಎಷ್ಟೋ ಮನೆಗಳಲ್ಲಿ ಇಂದಿಗೂ ಉಂಟು. ಅಂಥವರಿಗೆ, ಇಂಗ್ಲೆಂಡಿನಲ್ಲಿ ನಡುಮನೆಯ ಮೂಲೆಯಲ್ಲೊಂದು ಗಾಜಿನ ಪೆಟ್ಟಿಗೆಯನ್ನಿರಿಸಿ ಅದರಲ್ಲಿ ಹೆಬ್ಬಾವನ್ನು ಸಾಕುವ ಸಂಸಾರಗಳಿವೆಯೆಂದರೆ ಮೈ ಜುಮ್ಮೆನ್ನದಿರದು. ಆದರೆ ಅಲ್ಲಿ ಅದೇನೂ ದೊಡ್ಡ ಸುದ್ದಿಯಲ್ಲ. ಯೋಚಿಸಬೇಕಾದುದು, ಕೊಂಡು ತಂದಾಗಿನ ಹುರುಪು ಇಳಿದ ಮೇಲೆ ಆ ಮೂಕಜೀವಿಗೆ ಒದಗುವ ಗತಿಯನ್ನು ಕುರಿತು. ನಾಯಿ ಹಸಿದರೆ ಬೊಗಳುತ್ತದೆ. ಬೆಕ್ಕು ಕಾಲಿಗೆ ಸುತ್ತಿಕೊಂಡು ಕೂಗುತ್ತದೆ. ಹಾವು ಹಸಿದರೆ ಸುಮ್ಮನಿರುತ್ತದೆ. ತಿಂಗಳುಗಟ್ಟಲೆ ಸುಮ್ಮನಿರುತ್ತದೆ.

ಅಲ್ಲಿಯ ಒಂದು ಊರಿನ ಉಪಾಧ್ಯಾಯಿನಿಯೊಬ್ಬರ ಮನೆಯನ್ನು ಓದುಗರು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಲಿ. ಬಿಡುವಿನ ವೇಳೆಯಲ್ಲಿ ಪ್ರಾಣಿರಕ್ಷಣೆಯ ಕೆಲಸಕ್ಕೆ ನೆರವಾಗುವ ಆಕೆ, ಬಾಡಿಗೆದಾರನೊಬ್ಬ ತೊರೆದುಹೋದ ಕೋಣೆಯಲ್ಲಿ ಸಿಕ್ಕಿದ ಹಾವನ್ನು ದಿಂಬಿನ ಗವಸಿನಲ್ಲಿರಿಸಿಕೊಂಡು ಮನೆಗೆ ತಂದಿದ್ದಾರೆ. ಮೂರೂವರೆ ಅಡಿ ಉದ್ದದ ಹೆಣ್ಣು ಹಾವು. ಆ ಉದ್ದದ ಆರೋಗ್ಯವಂತ ಹಾವು ಒಂದು ಕಿಲೋಗ್ರಾಮಿಗೆ ಮೇಲೆಯೇ ತೂಗಬೇಕು. ಅಡುಗೆಮನೆಯ ತಕ್ಕಡಿ ತೋರಿಸಿದ್ದು ೭೦೦ ಗ್ರಾಂ. ದುಂಡಗಿರಬೇಕಾದ ಮೈ ಮೂರು ಮೂಲೆಯಾಗಿ, ಬೆನ್ನುಮೂಳೆ ಹೆಂಚಿನ ಮಾಡಿನ ಏಣಿನಂತೆ ಎದ್ದು ನಿಂತಿದೆ. ಪಕ್ಕೆಯ ಚರ್ಮ ಸುಕ್ಕುಗಟ್ಟಿದೆ, ಕಣ್ಣು ಗುಳಿಬಿದ್ದಿದೆ, ಅರೆಬರೆ ಬಿಟ್ಟ ಹಳೆಯ ಪೊರೆ ಒಣಗಿ ಮೈಗಂಟಿದೆ. ಅದನ್ನು ನೋಡಿದ ಯಾರಿಗಾದರೂ ಮೊದಲು ತೋಚುವುದು, ‘ಅಯ್ಯೋ ಪಾಪ, ಹೊಟ್ಟೆ ತುಂಬ ತಿನ್ನಿಸಬೇಕು’ ಎಂದು. ಆ ಕನಿಕರವೇ ಅದಕ್ಕೆ ಮೃತ್ಯುವಾಗಬಹುದೆಂಬುದು ಎಷ್ಟು ಜನಕ್ಕೆ ಗೊತ್ತು?

ಹುತ್ತದ ನಿವಾಸಿ

ಈ ಹಾವಿನ ತವರು ಪಶ್ಚಿಮ ಆಫ್ರಿಕ. ಹೆದರಿದಾಗ ತಲೆಯನ್ನು ನಡುವೆ ಹುದುಗಿಸಿ ಚೆಂಡಿನಂತೆ ಸುತ್ತಿಕೊಳ್ಳುವುದರಿಂದ ಅಮೆರಿಕದವರು ಇದನ್ನು ‘ಬಾಲ್ ಪೈಥಾನ್’ ಎನ್ನುತ್ತಾರೆ. ಇಂಗ್ಲೆಂಡಿನಲ್ಲಿ ಇದು ‘ರಾಯಲ್ ಪೈಥಾನ್’. ವಿಷವಿಲ್ಲ, ಸ್ವಭಾವ ಸಾಧು, ಮೂರರಿಂದ ಐದು ಅಡಿಗಿಂತ ಬೆಳೆಯುವುದು ಅಪರೂಪ. ಹಗಲೆಲ್ಲ ಇಲಿಯ ಬಿಲದಲ್ಲೋ ಗೆದ್ದಲಿನ ಹುತ್ತದಲ್ಲೋ ಮಲಗಿದ್ದು ಇರುಳಿನಲ್ಲಿ ಬೇಟೆಗೆ ಹೊರಡುತ್ತದೆ. ಗೆದ್ದಲು ಕಟ್ಟಿದ ಹುತ್ತ ಹಾವಿನ ಪಾಲೆಂಬ ನಮ್ಮ ಮಾತು ಅಲ್ಲಿಯೂ ಸಲ್ಲುತ್ತದೆ. ಬೆನಿನ್ ದೇಶದ ವೀದಾ ಪಟ್ಟಣದಲ್ಲಿ ಈ ಹಾವುಗಳಿಗೆಂದೇ ಒಂದು ಗುಡಿಯಿದೆ. ಅಲ್ಲಿಯ ಜನ ಇವನ್ನು ಕೊಲ್ಲುವುದಿಲ್ಲ, ಪೂಜಿಸುತ್ತಾರೆ.

ಅದೇ ಬೆನಿನ್, ಟೋಗೋ, ಘಾನಾ ದೇಶಗಳಿಂದ ಲಕ್ಷಗಟ್ಟಲೆ ಹಾವುಗಳು ಸಾಕುಪ್ರಾಣಿಗಳ ವ್ಯಾಪಾರಕ್ಕಾಗಿ ಹಡಗು, ವಿಮಾನಗಳನ್ನೇರಿ ಹೋಗಿವೆ. ಈಗ ಪರದೇಶಗಳಲ್ಲಿಯೇ ಇವುಗಳ ಸಂತಾನ ಬೆಳೆಸಿ, ಹಳದಿ, ಬಿಳುಪು, ಕಿತ್ತಳೆ ಎಂದು ಬಗೆಬಗೆಯ ಬಣ್ಣದ ಮರಿಗಳನ್ನು ಮಾರುವವರೂ ಇದ್ದಾರೆ. ಕೊಳ್ಳುವುದು ಸುಲಭ, ಸಾಕುವುದು ಕಷ್ಟ. ಬೆಚ್ಚಗಿಲ್ಲದ ಪೆಟ್ಟಿಗೆಯಲ್ಲಿ, ಅಡಗಲು ಮರೆಯಿಲ್ಲದೆ ಬಿದ್ದ ಹಾವು ಆಹಾರವನ್ನು ಮುಟ್ಟುವುದಿಲ್ಲ. ‘ಇದರ ಜಾತಿಯೇ ಹೀಗೆ, ಉಪವಾಸವಿರುತ್ತದೆ’ ಎಂದು ಒಡೆಯ ಕೈತೊಳೆದುಕೊಳ್ಳುತ್ತಾನೆ. ಅವನ ಮಾತು ಪೂರ್ತಿ ಸುಳ್ಳಲ್ಲ; ಆರೋಗ್ಯವಾಗಿರುವ ದೊಡ್ಡ ಹಾವು ಕೆಲವು ತಿಂಗಳು ಉಣ್ಣದೆ ಇರಬಲ್ಲುದು. ಆದರೆ ವ್ರತದ ಉಪವಾಸ ಬೇರೆ, ಗತಿಯಿಲ್ಲದ ಉಪವಾಸ ಬೇರೆ. ಮೊದಲಿನದರಲ್ಲಿ ತೂಕ ಇಳಿಯುವುದು ಸ್ವಲ್ಪವೇ. ಎರಡನೆಯದರಲ್ಲಿ ಬೆನ್ನುಮೂಳೆ ಕಾಣುತ್ತದೆ.

ಅನ್ನವೇ ವಿಷವಾಗುವ ಬಗೆ

ಹೆಬ್ಬಾವಿನ ಜಠರವೊಂದು ಸೋಜಿಗ. ಅತಿಥಿ ಬಾರದ ದಿನಗಳಲ್ಲಿ ಒಲೆಯನ್ನೇ ಆರಿಸಿಬಿಡುವ ಜಾಣ ಗೃಹಿಣಿಯಂತೆ, ಆಹಾರವಿಲ್ಲದಾಗ ಅದು ತನ್ನ ಕರುಳನ್ನು ಕುಗ್ಗಿಸಿ, ಜೀರ್ಣರಸಗಳನ್ನು ನಿಲ್ಲಿಸಿ ಶಕ್ತಿಯನ್ನು ಉಳಿಸಿಕೊಳ್ಳುತ್ತದೆ. ಅಮೆರಿಕದ ವಿಜ್ಞಾನಿಗಳಾದ ಸ್ಟೀಫನ್ ಸೀಕರ್, ಜಾರೆಡ್ ಡೈಮಂಡ್ ಅವರು ೧೯೯೦ರ ದಶಕದಲ್ಲಿ ಬರ್ಮಾ ಹೆಬ್ಬಾವುಗಳನ್ನು ಪರೀಕ್ಷಿಸಿ, ಊಟ ಮಾಡಿದ ಒಂದೆರಡು ದಿನಗಳಲ್ಲಿಯೇ ಸಣ್ಣ ಕರುಳಿನ ತೂಕ ಇಮ್ಮಡಿಯಾಗುವುದನ್ನು ಕಂಡರು. ಊಟವಾದ ೪೮ ಗಂಟೆಗಳಲ್ಲಿ ಹೃದಯವೂ ಶೇಕಡಾ ೪೦ರಷ್ಟು ಹಿಗ್ಗುವುದೆಂದು ೨೦೦೫ರಲ್ಲಿ ಇನ್ನೊಂದು ತಂಡ ಪ್ರಕಟಿಸಿತು. ಆರಿದ ಒಲೆಯನ್ನು ಮತ್ತೆ ಹೊತ್ತಿಸಲು ಸೌದೆ ಬೇಕಷ್ಟೆ? ಮೈಯ ಕೊಬ್ಬೂ ಮಾಂಸವೂ ಕರಗಿಹೋದ ಹಾವಿನಲ್ಲಿ ಆ ಸೌದೆಯೇ ಉಳಿದಿರುವುದಿಲ್ಲ. ದೊಡ್ಡ ಇಲಿಯನ್ನು ನುಂಗಿದರೆ ಅದು ಒಳಗೇ ಕೊಳೆಯುತ್ತದೆ. ಇಲ್ಲವೇ ವಾಂತಿಯಾಗಿ, ಉಳಿದಿದ್ದ ನೀರನ್ನೂ ಹೊರಹಾಕುತ್ತದೆ.

ಇನ್ನೂ ಒಂದು ಅಪಾಯವುಂಟು. ದೀರ್ಘ ಉಪವಾಸದಲ್ಲಿ ಶರೀರದೊಳಗಿನ ಲವಣಗಳು ಸವೆದಿರುತ್ತವೆ. ಒಮ್ಮೆಗೇ ಹೆಚ್ಚು ಆಹಾರ ಬಂದಾಗ, ರಕ್ತದಲ್ಲಿ ಅಳಿದುಳಿದ ಫಾಸ್ಫೇಟ್, ಪೊಟ್ಯಾಸಿಯಂ ಮೊದಲಾದವು ಜೀವಕೋಶಗಳೊಳಕ್ಕೆ ನುಗ್ಗಿ ರಕ್ತ ಬರಿದಾಗುತ್ತದೆ, ಹೃದಯ ಸೋಲುತ್ತದೆ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಸೆರೆಶಿಬಿರಗಳಿಂದ ಬಿಡುಗಡೆಯಾದ ಮನುಷ್ಯರಲ್ಲಿಯೂ ಇದನ್ನು ವೈದ್ಯರು ಕಂಡಿದ್ದರು. ಹಸಿವಿನಿಂದ ಬದುಕಿ ಉಳಿದವರು ಊಟದಿಂದ ಸತ್ತರು. ಈ ನಿಯಮ ಹಾವಿಗೂ ಒಂದೇ, ಮನುಷ್ಯನಿಗೂ ಒಂದೇ.

ಮೊದಲು ನೀರು

ಆದ್ದರಿಂದ ಉಪಾಧ್ಯಾಯಿನಿಯ ಮನೆಯಲ್ಲಿ ಮೊದಲ ದಿನ ಇಲಿಯ ಮಾತೇ ಇಲ್ಲ. ಸರೀಸೃಪಗಳನ್ನು ಬಲ್ಲ ಪಶುವೈದ್ಯರು ಹಾವಿನ ಬಾಯಿ ಬಿಡಿಸಿ ಹುಣ್ಣಿದೆಯೇ ಎಂದು ನೋಡುತ್ತಾರೆ; ಉಸಿರಿನಲ್ಲಿ ಗುರುಗುರು ಸದ್ದಿದೆಯೇ ಎಂದು ಕಿವಿಗೊಡುತ್ತಾರೆ; ಹುರುಪೆಯ ಸಂದುಗಳಲ್ಲಿ ರಕ್ತ ಹೀರುವ ಸಣ್ಣ ಕರಿಯ ನುಸಿಗಳನ್ನು ಹುಡುಕುತ್ತಾರೆ. ಬಳಿಕ ಅಗಲವಾದ ಡಬ್ಬಿಯಲ್ಲಿ ಹಾವಿನ ಮೈ ಅರ್ಧ ಮುಳುಗುವಷ್ಟು ಉಗುರುಬೆಚ್ಚಗಿನ ನೀರು. ಅದರಲ್ಲಿ ಇಪ್ಪತ್ತು ನಿಮಿಷ. ಪಕ್ಕದಲ್ಲಿಯೇ ಕಾವಲು, ಏಕೆಂದರೆ ನಿತ್ರಾಣವಾದ ಹಾವು ಅಂಗೈ ಆಳದ ನೀರಿನಲ್ಲಿಯೂ ತಲೆಯೆತ್ತಲಾರದೆ ಮುಳುಗೀತು. ನೆನೆದ ಪೊರೆಯನ್ನು ಒದ್ದೆ ಬಟ್ಟೆಯ ನಡುವೆ ಹಾವು ತಾನೇ ಹರಿದುಹೋಗುತ್ತ ಕಳಚಿಕೊಳ್ಳಬೇಕು. ಉಗುರಿನಿಂದ ಕಿತ್ತರೆ ಕೆಳಗಿನ ಎಳೆ ಚರ್ಮವೂ ಬರುತ್ತದೆ. ಕಣ್ಣಿನ ಮೇಲಿನ ಪೊರೆಗಂತೂ ಕೈಯಿಡಲೇ ಬಾರದು. ಅದು ವೈದ್ಯರ ಕೆಲಸ.

ಪೆಟ್ಟಿಗೆಯ ಒಂದು ಬದಿ ೩೧ರಿಂದ ೩೩ ಡಿಗ್ರಿ ಸೆಲ್ಸಿಯಸ್, ಇನ್ನೊಂದು ಬದಿ ೨೫ರ ಆಸುಪಾಸು. ಹಾವಿಗೆ ಸ್ವಂತ ಕಾವಿಲ್ಲ. ಎರವಲು ಕಾವಿನಿಂದಲೇ ಅದರ ಜೀರ್ಣ, ಅದರ ರೋಗನಿರೋಧ, ಎಲ್ಲವೂ. ಕಾವು ಮಿತಿಮೀರಿ ಮೈ ಸುಡದಂತೆ ಥರ್ಮೋಸ್ಟಾಟ್ ಬೇಕು. ಎರಡೂ ಬದಿಗೆ ಒಂದೊಂದು ಇಕ್ಕಟ್ಟಾದ ಅಡಗುದಾಣ, ಒಂದು ಬಟ್ಟಲು ಶುದ್ಧ ನೀರು, ಪೆಟ್ಟಿಗೆಯ ಮೇಲೊಂದು ಬಟ್ಟೆಯ ಮುಸುಕು. ಇಷ್ಟಾದ ಮೇಲೆ ಅತಿ ಕಷ್ಟದ ಚಿಕಿತ್ಸೆ: ಹಾವನ್ನು ಅದರ ಪಾಡಿಗೆ ಬಿಡುವುದು.

ಮೊದಲ ತುತ್ತು

ಏಳೆಂಟು ದಿನಗಳ ಬಳಿಕ, ವೈದ್ಯರ ಒಪ್ಪಿಗೆ ಪಡೆದು, ಸಂಜೆಗತ್ತಲಲ್ಲಿ ಮೊದಲ ಊಟ. ಆರೋಗ್ಯವಂತ ಹಾವಿಗಾದರೆ ಅದರ ಮೈಯ ದಪ್ಪಕ್ಕೆ ಸಮನಾದ ಇಲಿ ಸಲ್ಲುತ್ತದೆ; ಈ ರೋಗಿಗೆ ೨೦ ಗ್ರಾಮಿನ ಒಂದು ಚಿಟ್ಟಿಲಿ ಸಾಕು. ಜೀವಂತ ಇಲಿಯನ್ನು ಬಿಡಲಾಗದು. ಬಲಹೀನ ಹಾವನ್ನು ಇಲಿಯೇ ಕಚ್ಚಿ ಗಾಯಗೊಳಿಸಿದ ಉದಾಹರಣೆಗಳು ಬೇಕಾದಷ್ಟಿವೆ. ಅಂಗಡಿಯಲ್ಲಿ ಸಿಗುವ ಹಿಮಗಟ್ಟಿಸಿದ ಇಲಿಯನ್ನು ಪೂರ್ತಿ ಕರಗಿಸಿ, ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿ, ಉದ್ದನೆಯ ಇಕ್ಕಳದಲ್ಲಿ ಹಿಡಿದು ಅಡಗುದಾಣದ ಬಾಯಲ್ಲಿ ತೋರಿಸಬೇಕು. ಹೆಬ್ಬಾವಿನ ತುಟಿಯಂಚಿನ ಕುಳಿಗಳು ಕತ್ತಲಲ್ಲಿಯೂ ಆ ಶಾಖವನ್ನು ಗುರುತಿಸುತ್ತವೆ.

ಮೊದಲ ಸಂಜೆ ನಾಲಗೆ ಎರಡು ಸಲ ಹೊರಬಂದು ಒಳಹೋಯಿತು. ತಲೆ ಹಿಂದೆ ಸರಿಯಿತು. ಬಾಯಿ ತೆರೆಸಿ ತುರುಕುವ ಆಸೆಯನ್ನು ಉಪಾಧ್ಯಾಯಿನಿ ಅದುಮಿಕೊಂಡರು. ಬಲವಂತದ ಊಟವೆಂಬುದು ವೈದ್ಯರ ಕಟ್ಟಕಡೆಯ ಉಪಾಯ. ಅಂಜಿದ ಹಾವಿಗೆ ಅದು ಇನ್ನೊಂದು ಪೆಟ್ಟು. ಇಲಿಯನ್ನು ಎಸೆದು, ಪುಸ್ತಕದಲ್ಲಿ ‘ಮುಟ್ಟಲಿಲ್ಲ’ ಎಂದು ಬರೆದು ದೀಪವಾರಿಸಿದರು. ಒಂದು ವಾರ ಕಾದು ಮತ್ತೆ ಇಕ್ಕಳವನ್ನು ನೀಡಿದಾಗ, ಕಣ್ಣು ಮಿಟುಕಿಸುವಷ್ಟರಲ್ಲಿ ಇಕ್ಕಳ ಬರಿದಾಗಿತ್ತು. ಹಾವು ಇಲಿಯನ್ನು ಮೂರು ಸುತ್ತು ಬಿಗಿದು ಹಿಡಿದಿತ್ತು.

ಅನಂತರದ ಎರಡು ದಿನ ಮುಟ್ಟುವಂತಿಲ್ಲ, ಮುಸುಕೆತ್ತಿ ಇಣುಕುವಂತೆಯೂ ಇಲ್ಲ. ವಾಂತಿಯಾದರೆ ಎರಡು ವಾರ ಹೊಟ್ಟೆಗೆ ಬಿಡುವು ಕೊಟ್ಟು, ಇನ್ನೂ ಸಣ್ಣ ಇಲಿಯಿಂದ ಮತ್ತೆ ಆರಂಭಿಸಬೇಕಾಗುತ್ತದೆ. ಆಗಲಿಲ್ಲ. ಹತ್ತು ದಿನಕ್ಕೊಮ್ಮೆ ಊಟ, ಪ್ರತಿಸಲವೂ ತುಸು ದೊಡ್ಡದು, ವಾರಕ್ಕೊಮ್ಮೆ ತಕ್ಕಡಿ. ಪ್ರತಿಸಲ ಮುಟ್ಟಿದ ಮೇಲೂ ಸಾಬೂನಿನಿಂದ ಕೈತೊಳೆಯುವುದು ಕಟ್ಟುನಿಟ್ಟು. ನೋಡಲು ಚೊಕ್ಕಟವಾದ ಹಾವಿನ ಮೈಯಲ್ಲಿಯೂ ಸಾಲ್ಮೊನೆಲ್ಲ ಎಂಬ ರೋಗಾಣುಗಳಿರಬಹುದು. ೭೦೦, ೭೧೫, ೭೬೦ ಎಂದು ಅಂಕಿಗಳು ನಿಧಾನವಾಗಿ ಮೇಲೇರಿದವು.

ದೀರ್ಘಾಯುಸ್ಸಿನ ಹೊಣೆ

ಇಂಗ್ಲೆಂಡಿನ ೨೦೦೬ರ ಪ್ರಾಣಿಕ್ಷೇಮದ ಕಾಯಿದೆಯಂತೆ, ಸಾಕಿದ ಹಾವಿನ ಅಗತ್ಯಗಳನ್ನು ಒದಗಿಸುವುದು ಒಡೆಯನ ಕರ್ತವ್ಯ. ಆ ಕರ್ತವ್ಯ ಎಷ್ಟು ಕಾಲದ್ದೆಂಬುದನ್ನು ಕೊಳ್ಳುವವರು ಯೋಚಿಸುವುದಿಲ್ಲ. ಈ ಹಾವು ಇಪ್ಪತ್ತು, ಮೂವತ್ತು ವರ್ಷ ಬದುಕುವುದು ಸಾಮಾನ್ಯ. ಅಮೆರಿಕದ ಸೇಂಟ್ ಲೂಯಿ ಮೃಗಾಲಯಕ್ಕೆ ೧೯೬೧ರಲ್ಲಿ ಬಂದ ಹೆಣ್ಣು ಹಾವೊಂದು, ಅರವತ್ತು ದಾಟಿದ ವಯಸ್ಸಿನಲ್ಲಿ, ೨೦೨೦ರಲ್ಲಿ ಏಳು ಮೊಟ್ಟೆಗಳನ್ನಿಟ್ಟಿತು. ಅದಕ್ಕೆ ಹಿಂದಿನ ೧೫ ವರ್ಷ ಅದು ಗಂಡು ಹಾವಿನ ಬಳಿ ಇರಲೇ ಇಲ್ಲ! ಶಾಲೆಯ ಹುಡುಗನ ಹುಟ್ಟುಹಬ್ಬಕ್ಕೆ ಕೊಂಡ ಮರಿ ಅವನ ಮದುವೆಗೂ ಸಾಕ್ಷಿಯಾಗಿ, ಅವನ ಮಕ್ಕಳ ಮನೆಯಲ್ಲಿಯೂ ಇರಬಹುದು.

ನಮ್ಮ ದೇಶದಲ್ಲಿ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದಾಗಿ ಇಲ್ಲಿಯ ಹಾವುಗಳನ್ನು ಹಿಡಿದು ಸಾಕುವುದು ಅಪರಾಧ. ಈ ಆಫ್ರಿಕದ ಹೆಬ್ಬಾವಿನಂಥ ವಿದೇಶೀ ಪ್ರಾಣಿಗಳಿದ್ದರೂ, ೨೦೨೨ರ ತಿದ್ದುಪಡಿಯ ಪ್ರಕಾರ ಸರಕಾರದಲ್ಲಿ ನೋಂದಾಯಿಸಬೇಕು. ಆದರೂ ಉಪವಾಸದ ಹಾವಿನ ಕಥೆ ನಮಗೆ ದೂರದ್ದಲ್ಲ. ನಾಗರ ಪಂಚಮಿಗೆ ಮುನ್ನ ಬುಟ್ಟಿಯಲ್ಲಿ ನೀರಿಲ್ಲದೆ ಕೂಡಿಟ್ಟ ನಾಗರಹಾವು ಹಾಲು ಕುಡಿಯುವುದು ಭಕ್ತಿಗೆ ಒಲಿದಲ್ಲ, ಬಾಯಾರಿಕೆ ತಾಳಲಾರದೆ. ಹಾಲನ್ನು ಅರಗಿಸಿಕೊಳ್ಳುವ ಶಕ್ತಿ ಹಾವಿಗಿಲ್ಲ. ಎಷ್ಟೋ ಹಾವುಗಳು ಆ ಹಾಲಿನಿಂದಲೇ ಸಾಯುತ್ತವೆ. ಅಂಥದು ಕಂಡರೆ ಅರಣ್ಯ ಇಲಾಖೆಗೆ ತಿಳಿಸುವುದೇ ನಿಜವಾದ ಪೂಜೆ.

ಆ ಉಪಾಧ್ಯಾಯಿನಿಯ ಮನೆಯಲ್ಲಿ ಮೂರನೆಯ ತಿಂಗಳ ಒಂದು ಬೆಳಗ್ಗೆ, ತಲೆಯಿಂದ ಬಾಲದ ತುದಿಯವರೆಗೆ ಎಲ್ಲಿಯೂ ಹರಿಯದ ಪೊರೆಯೊಂದು ಪೆಟ್ಟಿಗೆಯಲ್ಲಿ ಬಿದ್ದಿತ್ತು. ಕಣ್ಣಿನ ಎರಡು ಪಾರದರ್ಶಕ ಬಿಲ್ಲೆಗಳೂ ಅದರಲ್ಲಿದ್ದವು. ನಾಯಿಯಂತೆ ಬಾಲವಾಡಿಸಿ ಕೃತಜ್ಞತೆ ತೋರುವುದು ಹಾವಿಗೆ ತಿಳಿಯದು. ಆಕೆಗೆ ಅದರ ನಿರೀಕ್ಷೆಯೂ ಇರಲಿಲ್ಲ. ಪೊರೆಯನ್ನು ಬೆಳಕಿಗೆ ಹಿಡಿದು ನೋಡಿ, ಪುಸ್ತಕದಲ್ಲಿ ಆ ದಿನದ ತೂಕವನ್ನು ಬರೆದರು: ೮೪೦ ಗ್ರಾಂ.