ಜೇನುಮೇಣದಲ್ಲಿ ಉಳಿದ ಚೆಲುವು

ಆ ಕಣ್ಣುಗಳಲ್ಲಿ ಬೆಳಕಿದೆ! ಕಪ್ಪು ಪಾಪೆಯ ಅಂಚಿಗೆ ಕಲಾವಿದ ಇಟ್ಟ ಒಂದೇ ಒಂದು ಬಿಳಿ ಚುಕ್ಕೆ, ಸಾಸಿವೆಗಿಂತ ಚಿಕ್ಕದು. ಅಷ್ಟರಿಂದಲೇ ಸುಮಾರು ಎರಡು ಸಾವಿರ ವರ್ಷದ ಹಿಂದಿನ ಹೆಣ್ಣೊಬ್ಬಳು ಈಗಷ್ಟೇ ತಿರುಗಿ ನಮ್ಮನ್ನು ನೋಡಿದಂತಿದೆ.

ಅವಳದು ಈಜಿಪ್ಟಿನ ಫಯೂಮ್ ಭಾವಚಿತ್ರಗಳಲ್ಲೊಂದು. ಇವು ರೋಮನ್ನರ ಆಳ್ವಿಕೆಯಲ್ಲಿ, ಕ್ರಿ.ಶ. ಒಂದರಿಂದ ಮೂರನೆಯ ಶತಮಾನದವರೆಗೆ ತೆಳುಹಲಗೆಯ ಮೇಲೆ ಬರೆದು, ಮಮ್ಮಿಯ ಮುಖದ ಜಾಗದಲ್ಲಿ ಬಟ್ಟೆಸುತ್ತಿನೊಳಗೆ ಸಿಕ್ಕಿಸಿ, ಮಣ್ಣಿಗೆ ಒಪ್ಪಿಸಿದವು. 1888ರಲ್ಲಿ ಪುರಾತತ್ತ್ವಜ್ಞ ಫ್ಲಿಂಡರ್ಸ್ ಪೆಟ್ರಿ ಹವಾರಾದ ಪಿರಮಿಡ್ಡಿನ ಬಳಿ ಅಗೆಸುತ್ತಿದ್ದಾಗ ಒಂದರ ಹಿಂದೊಂದು ಮುಖಗಳು ಮೇಲೆದ್ದು ಬಂದವು. ಫರೋಗಳಲ್ಲ, ದೇವತೆಗಳೂ ಅಲ್ಲ, ಊರಿನ ಜನ! ದಟ್ಟ ಹುಬ್ಬಿನ ಗೃಹಿಣಿ, ಮೀಸೆ ಚಿಗುರುತ್ತಿರುವ ಹುಡುಗ, ಕೆನ್ನೆ ಒಳಸೇರಿದ ಗಂಡಸು.

ಹತ್ತಿರದಿಂದ ನೋಡಬೇಕು. ಬಣ್ಣ ಬೆರೆಸಿದ ಜೇನುಮೇಣದ ಒಂದೊಂದು ಗೆರೆಯೂ ಕೆನ್ನೆಯ ಉಬ್ಬನ್ನು ಹಿಡಿದು ಬಾಗುತ್ತದೆ, ಗಲ್ಲದಲ್ಲಿ ತಿರುಗುತ್ತದೆ, ಕತ್ತಿಗೆ ಬಂದಾಗ ಹಗುರಾಗುತ್ತದೆ. ಅಮೆರಿಕದ ಗೆಟ್ಟಿ ಸಂಗ್ರಹಾಲಯದಲ್ಲಿರುವ ಇಸಿಡೋರಾ ಎಂಬಾಕೆಯ ಚಿತ್ರದಲ್ಲಿ ಒಡವೆಗಳ ಮೇಲೆ ಚಿನ್ನದ ರೇಕು ಇನ್ನೂ ಮಿನುಗುತ್ತಿದೆ. ಆದರೆ ನನಗೆ ಚಿನ್ನಕ್ಕಿಂತ ದೊಡ್ಡದಾಗಿ ಕಂಡದ್ದು ಈ ಕಲಾವಿದರ ಧೈರ್ಯ. ಸೊಟ್ಟ ಮೂಗು ಸೊಟ್ಟಗೇ ಇದೆ, ಒಂದು ಕಣ್ಣು ಇನ್ನೊಂದಕ್ಕಿಂತ ದೊಡ್ಡದಿದ್ದರೆ ದೊಡ್ಡದೇ. ಆದರೂ ಎಷ್ಟು ಚೆಲುವು! ಆದರೂ ಏನು, ಅದರಿಂದಲೇ!

ಇನ್ನೂ ಇದೆ ಕೇಳಿ. ಈಜಿಪ್ಟಿನ ಟೆಬ್ಟುನಿಸ್‌ನಲ್ಲಿ ಸಿಕ್ಕ ಚಿತ್ರಗಳನ್ನು ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಪರೀಕ್ಷಿಸಿದಾಗ, ಬರಿಗಣ್ಣಿಗೆ ನೀಲಿಯೇ ಕಾಣದ ಕಡೆ ನೀಲಿ ಸಿಕ್ಕಿತು! ಈಜಿಪ್ಟಿನ ಆ ಪ್ರಾಚೀನ ನೀಲಿಗೆ ಒಂದು ವಿಚಿತ್ರ ಗುಣವಿದೆ: ಕೆಂಪು ಬೆಳಕು ಬಿದ್ದರೆ ಅದು ಅವಕೆಂಪು ಕಿರಣಗಳನ್ನು ಹೊರಬಿಡುತ್ತದೆ. ನಮ್ಮ ಕಣ್ಣಿಗೆ ಕಾಣದ ಆ ಹೊಳಪು ವಿಶೇಷ ಕ್ಯಾಮೆರಾಗೆ ಕಾಣುತ್ತದೆ. ಬಿಳಿ ಉಡುಪಿನೊಳಗೆ, ಕರಡುಗೆರೆಗಳೊಳಗೆ ಕಲಾವಿದರು ಆ ನೀಲಿಯನ್ನು ಸದ್ದಿಲ್ಲದೆ ಬೆರೆಸಿಬಿಟ್ಟಿದ್ದರು. ಎಂಥ ಕೈಚಳಕ!

ಈಗ ಗೊತ್ತಿರುವ ಚಿತ್ರಗಳು ಸುಮಾರು 900. ಬಹುಪಾಲನ್ನು ಮಮ್ಮಿಯಿಂದ ಕಿತ್ತು ಮಾರಿದ್ದಾರೆ. ಮುಖ ಒಂದು ದೇಶದಲ್ಲಿ, ದೇಹ ಎಲ್ಲೋ. ಇದು ನಿಜಕ್ಕೂ ಸಂಕಟದ ಸಂಗತಿ. ಕೇಂಬ್ರಿಜ್‌ನ ಗಿರ್ಟನ್ ಕಾಲೇಜಿನಲ್ಲಿರುವ ಹರ್ಮಿಯೊನೆ ಮಾತ್ರ ಪುಣ್ಯವಂತೆ: ಅವಳ ಚಿತ್ರ ಅವಳ ಮಮ್ಮಿಯ ಮೇಲೆಯೇ ಇದೆ, ಪಕ್ಕದಲ್ಲಿ ಅವಳ ಹೆಸರೂ ಅವಳು ಓದುಬರಹ ಬಲ್ಲವಳೆಂಬ ಗುರುತೂ ಇವೆ. ಗೆಟ್ಟಿ ಸಂಗ್ರಹಾಲಯ 2013ರಲ್ಲಿ ಆರಂಭಿಸಿದ ಯೋಜನೆಯೊಂದರಲ್ಲಿ ಹತ್ತಾರು ಸಂಗ್ರಹಾಲಯಗಳು ತಮ್ಮಲ್ಲಿರುವ ಚಿತ್ರಗಳ ಮರ, ಮೇಣ, ಬಣ್ಣಗಳ ವಿವರವನ್ನು ಒಂದೆಡೆ ಸೇರಿಸುತ್ತಿವೆ. ಯಾವ ಎರಡು ಮುಖಗಳನ್ನು ಒಂದೇ ಕೈ ಬರೆದಿತ್ತೋ, ಅದೂ ಒಂದು ದಿನ ತಿಳಿದೀತು!