ಫ್ಲ್ಯಾಶ್ ಕೊಳ್ಳುವ ಮುನ್ನ

ಕ್ಯಾಮೆರಾ ಕೊಂಡ ವಿದ್ಯಾರ್ಥಿಗೆ ಮುಂದಿನ ಖರ್ಚು ಬೆಳಕಿನದು. ಕ್ಯಾಮೆರಾದ ತಲೆಯ ಮೇಲೆ ಕೂರುವ ಪುಟ್ಟ ಫ್ಲ್ಯಾಶ್ ಸಾಕೆ? ಸ್ಟುಡಿಯೋಗಳಲ್ಲಿ ಸ್ಟ್ಯಾಂಡಿನ ಮೇಲೆ ನಿಂತಿರುವ ದೊಡ್ಡ ಸ್ಟ್ರೋಬ್ ದೀಪವೇ ಬೇಕೆ? ಅಂಗಡಿಯವರನ್ನು ಕೇಳುವ ಮೊದಲು ನೀವೇ ಸ್ವಲ್ಪ ಲೆಕ್ಕ ಹಾಕಿ ನೋಡಿ.

ಒಳಗೆ ಇವೆರಡೂ ಒಂದೇ. ಕೆಪಾಸಿಟರಿನಲ್ಲಿ ಕೂಡಿಟ್ಟ ವಿದ್ಯುತ್ತು ಕ್ಸೆನಾನ್ ಅನಿಲದ ಕೊಳವೆಯಲ್ಲಿ ಒಮ್ಮೆಗೇ ಹರಿದು ಮಿಂಚುತ್ತದೆ. ಅಮೆರಿಕದ ಎಂಐಟಿಯಲ್ಲಿ ಹೆರಾಲ್ಡ್ ಎಡ್ಗರ್ಟನ್ 1930ರ ದಶಕದಲ್ಲಿ ಇಂಥ ವಿದ್ಯುತ್ ಮಿಂಚಿನಿಂದಲೇ, ಬಿದ್ದು ಸಿಡಿಯುವ ಹಾಲಿನ ಹನಿಯನ್ನು ಚಿತ್ರದಲ್ಲಿ ಹಿಡಿದು ನಿಲ್ಲಿಸಿದರು. ವ್ಯತ್ಯಾಸವಿರುವುದು ಕೂಡಿಡುವ ಶಕ್ತಿಯಲ್ಲಿ. ಪುಟ್ಟ ಫ್ಲ್ಯಾಶಿನದು ಸುಮಾರು 60 ಜೂಲ್. ಸಾಧಾರಣ ಸ್ಟುಡಿಯೋ ದೀಪದ್ದು 300ರಿಂದ 600 ಜೂಲ್. ಹತ್ತು ಪಟ್ಟು ಶಕ್ತಿಯೆಂದರೆ ಹತ್ತು ಪಟ್ಟು ದೂರವೆಂದು ತಿಳಿಯಬೇಡಿ. ಭೌತಶಾಸ್ತ್ರದ ವಿಲೋಮ ವರ್ಗ ನಿಯಮ ಇಲ್ಲಿಯೂ ಬಿಡುವುದಿಲ್ಲ. ಬೆಳಕು ತಲುಪುವ ದೂರ ಹೆಚ್ಚುವುದು ಸುಮಾರು ಮೂರು ಪಟ್ಟು ಮಾತ್ರ.

ಈಗ ಲೆಕ್ಕ. ಫ್ಲ್ಯಾಶಿನ ಗೈಡ್ ನಂಬರ್ ಐಎಸ್‌ಒ 100ರಲ್ಲಿ, ಮೀಟರ್ ಅಳತೆಯಲ್ಲಿ, 40 ಎಂದಿರಲಿ. ಅದನ್ನು ದೂರದಿಂದ ಭಾಗಿಸಿದರೆ ಅಪರ್ಚರ್ ಸಿಗುತ್ತದೆ: 5 ಮೀಟರಿಗೆ ಎಫ್ 8. (ಪೆಟ್ಟಿಗೆಯ ಮೇಲಿನ ಸಂಖ್ಯೆ ಅನೇಕ ಸಲ ಬೆಳಕನ್ನು ಕಿರಿದಾಗಿ ಒಟ್ಟುಗೂಡಿಸಿದಾಗಿನದು, ಅಷ್ಟನ್ನೂ ನಂಬಬೇಡಿ.) ಆದರೆ ಮುಖಕ್ಕೆ ನೇರ ಹೊಡೆದ ಫ್ಲ್ಯಾಶ್ ಚಂದ ಕಾಣುವುದಿಲ್ಲ, ಹಣೆ ಹೊಳೆಯುತ್ತದೆ, ಗೋಡೆಯ ಮೇಲೆ ಕರಿನೆರಳು ಬೀಳುತ್ತದೆ. ಬೆಳಕು ಮೃದುವಾಗುವುದು ದೀಪ ದೊಡ್ಡ ಬೆಲೆಯದೆಂದಲ್ಲ, ಬೆಳಕು ಬರುವ ಮೈ ಅಗಲವಾಗಿ, ಹತ್ತಿರವಾಗಿರುವುದರಿಂದ. ಬಿಳಿ ಛತ್ರಿ ಹಿಡಿಯಿರಿ. ಬಿಳಿ ಪಂಚೆಯೂ ಆದೀತು. ಇದಕ್ಕೆ ತೆರಬೇಕಾದ ಸುಂಕ ಸುಮಾರು ಮುಕ್ಕಾಲು ಪಾಲು ಬೆಳಕು. ಆಗ 5 ಮೀಟರಿಗೆ ಎಫ್ 4 ಮಾತ್ರ ಉಳಿಯುತ್ತದೆ. ಮೂರು ಸಾಲಿನ ತರಗತಿಯ ಗುಂಪುಚಿತ್ರಕ್ಕೆ ಅದು ಕಡಿಮೆ. ಐಎಸ್‌ಒ 400ಕ್ಕೆ ಏರಿಸಿದರೆ ಎಫ್ 8 ಮರಳಿ ಬರುತ್ತದೆ. ಇಂದಿನ ಡಿಜಿಟಲ್ ಕ್ಯಾಮೆರಾಗಳಿಗೆ ಅದೇನೂ ಭಾರವಲ್ಲ. ಒಬ್ಬರದೇ ಭಾವಚಿತ್ರವಾದರೆ, 2 ಮೀಟರಿನಲ್ಲಿ, ಏರಿಸುವ ಅಗತ್ಯವೂ ಇಲ್ಲ.

ಹಾಗಾದರೆ ಸ್ಟುಡಿಯೋ ಸ್ಟ್ರೋಬ್ ಯಾರಿಗೆ? ದಿನವಿಡೀ ಬಿಡುವಿಲ್ಲದೆ ಚಿತ್ರ ತೆಗೆಯುವವರಿಗೆ. ಪುಟ್ಟ ಫ್ಲ್ಯಾಶನ್ನು ಪೂರ್ಣ ಶಕ್ತಿಯಲ್ಲಿ ಮೇಲಿಂದ ಮೇಲೆ ಹೊಡೆದರೆ ಅದು ಕಾದು ನಿಲ್ಲುತ್ತದೆ. ಸ್ಟ್ರೋಬಿನಲ್ಲಿ ಸದಾ ಉರಿಯುವ ಮಾಡೆಲಿಂಗ್ ದೀಪವೂ ಇರುತ್ತದೆ. ನೆರಳು ಎಲ್ಲಿ ಬೀಳುವುದೆಂದು ಮೊದಲೇ ಕಾಣುತ್ತದೆ, ಕಲಿಯುವವರಿಗೆ ಇದು ದೊಡ್ಡ ಉಪಕಾರ. ನಿಜ, ಬಹುಪಾಲು ಸ್ಟ್ರೋಬ್‌ಗಳಿಗೆ ಗೋಡೆಯ ಕರೆಂಟು ಬೇಕು, ಬ್ಯಾಟರಿಯವು ದುಬಾರಿ.

ನಮ್ಮ ಸಲಹೆ: ಶಕ್ತಿಯನ್ನು ಕೈಯಿಂದ ಹೊಂದಿಸಬಹುದಾದ ಒಂದು ಫ್ಲ್ಯಾಶ್, ರೇಡಿಯೋ ಟ್ರಿಗರ್, ಸ್ಟ್ಯಾಂಡ್, ಬಿಳಿ ಛತ್ರಿ. ಸ್ಟ್ರೋಬ್ ಬೇಕಾದ ದಿನ ಬಾಡಿಗೆಗೆ ತನ್ನಿ.

ಹಳೆಯ ಫ್ಲ್ಯಾಶ್ ಅಗ್ಗಕ್ಕೆ ಸಿಕ್ಕಿತೆಂದು ತಕ್ಷಣ ಡಿಜಿಟಲ್ ಕ್ಯಾಮೆರಾಕ್ಕೆ ಸಿಕ್ಕಿಸಬೇಡಿ. ಕೆಲವು ಹಳೆಯವು ಕ್ಯಾಮೆರಾದ ಸಂಪರ್ಕಕ್ಕೆ 200 ವೋಲ್ಟಿಗೂ ಮೀರಿ ಕಳುಹಿಸುತ್ತವೆ, ಕ್ಯಾಮೆರಾ ಸುಟ್ಟೀತು. ತಿಳಿದವರಿಂದ ಅಳೆಸಿಕೊಳ್ಳಿ. ಕೆಟ್ಟ ಫ್ಲ್ಯಾಶನ್ನು ಕುತೂಹಲಕ್ಕೂ ಬಿಚ್ಚಬೇಡಿ. ಬ್ಯಾಟರಿ ತೆಗೆದ ಮೇಲೂ ಕೆಪಾಸಿಟರಿನಲ್ಲಿ 300 ವೋಲ್ಟಿನಷ್ಟು ವಿದ್ಯುತ್ತು ಉಳಿದಿರಬಹುದು. ಅದು ಪ್ರಾಣಕ್ಕೇ ಅಪಾಯ.