ಎಲ್‌ಇಡಿ ಟಾರ್ಚ್

ಎಲ್‌ಇಡಿ ಟಾರ್ಚ್ ಎಂಬುದು ಬೆಳಕು ಸೂಸುವ ಡಯೋಡನ್ನು ಬೆಳಕಿನ ಮೂಲವಾಗಿ ಹೊಂದಿರುವ, ಕೈಯಲ್ಲಿ ಹಿಡಿದು ಸಾಗಬಹುದಾದ ವಿದ್ಯುತ್ ದೀಪ. ಕೈದೀಪ, ಟಾರ್ಚ್ ಎಂಬ ಹೆಸರುಗಳಿದ್ದರೂ ಹಳ್ಳಿಗಳಲ್ಲಿ ‘ಬ್ಯಾಟರಿ’ ಎಂಬ ಮಾತೇ ರೂಢಿಯಲ್ಲಿದೆ. ಒಳಗಿನ ಸೆಲ್ಲಿನ ಹೆಸರೇ ದೀಪಕ್ಕೂ ನಿಂತಿದೆ. ಹಳೆಯ ಟಾರ್ಚನ್ನು ಬಿಟ್ಟು ಹೆಚ್ಚು ಪ್ರಕಾಶದ, ನಂಬಬಹುದಾದ ಟಾರ್ಚಿಗೆ ಬದಲಾಗುವಾಗ ಗಮನಿಸಬೇಕಾದ ಅಂಶಗಳನ್ನು, ಕಲಬುರಗಿ ಜಿಲ್ಲೆಯ ಚಿತ್ತಾಪುರ, ಸೇಡಂ, ವಾಡಿ, ಶಹಾಬಾದ್ ಮತ್ತು ಚಿಂಚೋಳಿ ಭಾಗದ ಬಳಕೆಯನ್ನು ಮುಂದಿಟ್ಟುಕೊಂಡು ಇಲ್ಲಿ ವಿವರಿಸಲಾಗಿದೆ. ಪೆಟ್ಟಿಗೆಯ ಮೇಲೆ ಅಚ್ಚಾದ ಪ್ರಕಾಶದ ಅಂಕಿಗಿಂತ, ಬೇಕಾದ ಹೊತ್ತಿನಲ್ಲಿ ತಪ್ಪದೆ ಹೊತ್ತಿ ಕೊನೆಯವರೆಗೆ ಒಂದೇ ಸಮನೆ ಬೆಳಗುವ ಗುಣವೇ ಟಾರ್ಚಿನ ಯೋಗ್ಯತೆಯನ್ನು ನಿರ್ಧರಿಸುತ್ತದೆ.

ಇತಿಹಾಸ

ಒಣಕೋಶದ ಆವಿಷ್ಕಾರದಿಂದ ಕೈದೀಪವು ಸಾಧ್ಯವಾಯಿತು. ಕೊಳವೆಯಾಕಾರದ ಟಾರ್ಚಿಗೆ ಡೇವಿಡ್ ಮಿಸೆಲ್ 1899ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದನು. ಭಾರತದ ಮನೆಗಳಲ್ಲಿ ಎರಡು ಅಥವಾ ಮೂರು ದಪ್ಪ ಸೆಲ್ ಹಾಕುವ ಲೋಹದ ಟಾರ್ಚು ದಶಕಗಳ ಕಾಲ ಉಳಿಯಿತು. ಅದರ ಬಲ್ಬು ಕೊಡುತ್ತಿದ್ದುದು ಸುಮಾರು 10ರಿಂದ 20 ಲೂಮೆನ್ ಬೆಳಕು ಮಾತ್ರ. ಸೆಲ್ ಇಳಿದಂತೆ ಅದೂ ಹಳದಿಗೆ, ಬಳಿಕ ಕೆಂಪಿಗೆ ತಿರುಗುತ್ತಿತ್ತು. ಬಲ್ಬಿಗೆ ಹೋಗುವ ವಿದ್ಯುತ್ತಿನ ಬಹುಪಾಲು ಶಾಖವಾಗಿ ವ್ಯರ್ಥವಾಗುತ್ತಿತ್ತು.

ಕೆಂಪು ಬೆಳಕಿನ ಎಲ್‌ಇಡಿಯನ್ನು ನಿಕ್ ಹೋಲೊನ್ಯಾಕ್ 1962ರಲ್ಲಿ ತೋರಿಸಿಕೊಟ್ಟನಾದರೂ ಬಿಳಿ ಬೆಳಕಿಗೆ ನೀಲಿ ಎಲ್‌ಇಡಿ ಬರುವವರೆಗೆ ಕಾಯಬೇಕಾಯಿತು. ನೀಲಿ ಬೆಳಕಿನ ಒಂದು ಭಾಗವನ್ನು ಹಳದಿಯಾಗಿಸುವ ಫಾಸ್ಫರ್ ಲೇಪನದಿಂದ ಬಿಳಿ ಎಲ್‌ಇಡಿ 1990ರ ದಶಕದಲ್ಲಿ ಸಿದ್ಧವಾಯಿತು. ನೀಲಿ ಎಲ್‌ಇಡಿಗಾಗಿ ಇಸಾಮು ಅಕಾಸಾಕಿ, ಹಿರೋಷಿ ಅಮಾನೊ ಮತ್ತು ಶುಜಿ ನಾಕಾಮುರಾ ಅವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು.

ಚಿತ್ತಾಪುರ ಭಾಗದಲ್ಲಿ ಬಳಕೆ

ಈ ಭಾಗದ ಮುಖ್ಯ ಬೆಳೆ ತೊಗರಿ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಕಾಡುಹಂದಿಯಿಂದ ಬೆಳೆ ಕಾಯಲು ರೈತರು ರಾತ್ರಿ ಹೊಲದಲ್ಲಿ ಉಳಿಯುತ್ತಾರೆ. ಪಂಪ್‌ಸೆಟ್ಟಿಗೆ ತ್ರೀಫೇಸ್ ವಿದ್ಯುತ್ ರಾತ್ರಿಯ ಪಾಳಿಯಲ್ಲಿ ಬಂದಾಗ ನೀರು ಕಟ್ಟಲು ಬದುವಿನ ಮೇಲೆಯೇ ನಡೆದು ಹೋಗಬೇಕಾಗುತ್ತದೆ. ಶಹಾಬಾದಿನ ಫರ್ಸಿ ಕಲ್ಲಿನ ಗಣಿಗಳು, ವಾಡಿ ಹಾಗೂ ಸೇಡಂನ ಸಿಮೆಂಟ್ ಕಾರ್ಖಾನೆಗಳು, 1874ರಿಂದ ಸಿಕಂದರಾಬಾದ್ ಮಾರ್ಗ ಕವಲೊಡೆಯುವ ವಾಡಿ ಜಂಕ್ಷನ್, ಚಿಂಚೋಳಿಯ ವನ್ಯಜೀವಿಧಾಮ ಇವೆಲ್ಲವೂ ರಾತ್ರಿ ದುಡಿಮೆಯ ತಾಣಗಳೇ.

ಟಾರ್ಚಿನ ಆಯ್ಕೆ ಇಲ್ಲಿ ಕೇವಲ ಅನುಕೂಲದ ಪ್ರಶ್ನೆಯಲ್ಲ. 2000ದಿಂದ 2019ರವರೆಗಿನ ಅವಧಿಯಲ್ಲಿ ಭಾರತದಲ್ಲಿ ಹಾವು ಕಡಿತದಿಂದ ವರ್ಷಕ್ಕೆ ಸರಾಸರಿ 58,000 ಜನ ಸತ್ತಿರುವರೆಂದು ಅಂದಾಜಿಸಲಾಗಿದೆ. ಸತ್ತವರಲ್ಲಿ ಹೆಚ್ಚಿನವರು ಗ್ರಾಮೀಣರು. ಕರ್ನಾಟಕ ಸರ್ಕಾರವು 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಕೊಳಕುಮಂಡಲವು ಒಣಗಿದ ಎಲೆಯ ನಡುವೆ ಅಲುಗಾಡದೆ ಮಲಗುವ ಹಾವು. ಹೆಜ್ಜೆಯ ಸದ್ದಿಗೆ ಅದು ಸರಿದುಹೋಗುತ್ತದೆಂದು ನಂಬುವಂತಿಲ್ಲ, ಕಂಡೇ ತಪ್ಪಿಸಿಕೊಳ್ಳಬೇಕು.

ಮೊಬೈಲಿನ ದೀಪವನ್ನೇ ಟಾರ್ಚಾಗಿ ಬಳಸುವ ರೂಢಿ ಈಗ ವ್ಯಾಪಕವಾಗಿದೆ. ಅದರ ಬೆಳಕು ಮಸೂರದಿಂದ ಕೂಡಿಸಿದ್ದಲ್ಲವಾದ್ದರಿಂದ ಕೆಲವು ಮೀಟರ್ ದಾಟಿದರೆ ಕರಗಿಹೋಗುತ್ತದೆ. ಅದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ದೀಪ ಉರಿಸಿ ಮೊಬೈಲಿನ ಚಾರ್ಜು ಮುಗಿದ ಮೇಲೆ, ಅವಘಡವಾದರೆ 108ಕ್ಕೆ ಕರೆ ಮಾಡಲು ಉಳಿಯುವುದೇನೂ ಇಲ್ಲ. ಹೊಲಕ್ಕೆ ಹೋಗುವವರು ಪ್ರತ್ಯೇಕ ಟಾರ್ಚು ಇಟ್ಟುಕೊಳ್ಳಲು ಇದೊಂದೇ ಕಾರಣ ಸಾಕು.

ಪ್ರಕಾಶದ ಅಳತೆಗಳು

ಟಾರ್ಚು ಎಲ್ಲ ದಿಕ್ಕಿಗೂ ಸೇರಿ ಹೊರಸೂಸುವ ಒಟ್ಟು ಬೆಳಕನ್ನು ಲೂಮೆನ್‌ನಲ್ಲಿಯೂ ಒಂದು ದಿಕ್ಕಿನಲ್ಲಿ ಅದರ ತೀವ್ರತೆಯನ್ನು ಕ್ಯಾಂಡೆಲಾದಲ್ಲಿಯೂ ಅಳೆಯುತ್ತಾರೆ. ಅಂಗಡಿಯಲ್ಲಿ ಮೊದಲನೆಯದನ್ನು ಮಾತ್ರ ಹೇಳುವುದರಿಂದ ಗೊಂದಲ ಹುಟ್ಟುತ್ತದೆ. ಬೊಗಸೆ ನೀರನ್ನು ಅಂಗಳಕ್ಕೆಲ್ಲ ಚಿಮುಕಿಸುವುದಕ್ಕೂ ಅದೇ ನೀರನ್ನು ಒಂದು ಗಿಡದ ಬುಡಕ್ಕೆ ಎರೆಯುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯೂ ಇದೆ. 200 ಲೂಮೆನ್ನಿನ ಟಾರ್ಚು ಬೆಳಕನ್ನು ಕೂಡಿಸಿ 10,000 ಕ್ಯಾಂಡೆಲಾ ಮಾಡಿದರೆ, 1000 ಲೂಮೆನ್ನಿನ ಟಾರ್ಚು ಹರಡಿ 2500 ಕ್ಯಾಂಡೆಲಾದಲ್ಲಿ ನಿಲ್ಲಬಹುದು. ದೂರ ತಲುಪುವುದು ಮೊದಲನೆಯದೇ.

ಉತ್ತಮ ತಯಾರಕರು ಎಫ್‌ಎಲ್1 ಎಂಬ ಮಾನದಂಡದಂತೆ ಅಳತೆ ನೀಡುತ್ತಾರೆ. ಇದರ ಪ್ರಕಾರ ಲೂಮೆನ್ನನ್ನು ದೀಪ ಹೊತ್ತಿಸಿ 30 ಸೆಕೆಂಡುಗಳ ನಂತರವೇ ಅಳೆಯಬೇಕು. ಟಾರ್ಚಿನ ಬೆಳಕು 0.25 ಲಕ್ಸ್‌ಗೆ ಇಳಿಯುವ ದೂರವೇ ‘ಬೆಳಕಿನ ದೂರ’. ಅದು ಹೆಚ್ಚುಕಡಿಮೆ ಹುಣ್ಣಿಮೆಯ ಬೆಳದಿಂಗಳಿಗೆ ಸಮ. ಲೆಕ್ಕ ಸುಲಭ: ಕ್ಯಾಂಡೆಲಾದ ವರ್ಗಮೂಲದ ಎರಡರಷ್ಟು ಮೀಟರ್. ಅಂದರೆ 10,000 ಕ್ಯಾಂಡೆಲಾಕ್ಕೆ 200 ಮೀಟರ್, 2500ಕ್ಕೆ 100 ಮೀಟರ್. ಆದರೆ ಬೆಳದಿಂಗಳಲ್ಲಿ ಆಕೃತಿ ಕಾಣಬಹುದೇ ಹೊರತು ಹಂದಿಯೋ ಎಮ್ಮೆಯ ಕರುವೋ ಎಂದು ಹೇಳಲಾಗದು. ಸ್ಪಷ್ಟವಾಗಿ ಗುರುತಿಸಲು ಹೇಳಿದ ದೂರದ ಮೂರನೆಯ ಒಂದು ಭಾಗವನ್ನಷ್ಟೇ ಲೆಕ್ಕಕ್ಕೆ ಹಿಡಿಯುವುದು ಒಳಿತು.

ಉರಿಯುವ ಅವಧಿಯ ಅಂಕಿಯಲ್ಲಿಯೂ ಒಂದು ಮರೆ ಇದೆ. ಆರಂಭದ ಬೆಳಕು ಶೇಕಡ 10ಕ್ಕೆ ಇಳಿಯುವವರೆಗಿನ ಸಮಯವನ್ನು ಈ ಮಾನದಂಡ ಎಣಿಸುತ್ತದೆ. ಮೊದಲ ಎರಡು ಮೂರು ನಿಮಿಷ 1000 ಲೂಮೆನ್ ಕೊಟ್ಟು, ಬಿಸಿ ಹೆಚ್ಚಿದೊಡನೆ 300ಕ್ಕೆ ತಾನೇ ಇಳಿದು ಗಂಟೆಗಟ್ಟಲೆ ಉರಿಯುವ ಟಾರ್ಚಿನ ಪೆಟ್ಟಿಗೆಯ ಮೇಲೂ ದೊಡ್ಡ ಅಂಕಿಗಳೆರಡೂ ಅಕ್ಕಪಕ್ಕದಲ್ಲಿರುತ್ತವೆ. ಇದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ.

ನಿಜವಾದ ಸುಳ್ಳನ್ನು ಹಿಡಿಯಲು ಪ್ರೌಢಶಾಲೆಯ ಗಣಿತ ಸಾಕು. ಇಂದಿನ ಟಾರ್ಚು ಒಂದು ವ್ಯಾಟಿಗೆ ಸುಮಾರು 100 ಲೂಮೆನ್ ಕೊಡುತ್ತದೆ ಎಂದಿಟ್ಟುಕೊಳ್ಳೋಣ. 3000 ಮಿಲಿಆಂಪಿಯರ್‌ಗಂಟೆಯ 3.6 ವೋಲ್ಟಿನ ಲಿಥಿಯಂ ಸೆಲ್ಲಿನಲ್ಲಿರುವ ಶಕ್ತಿ 10.8 ವ್ಯಾಟ್‌ಗಂಟೆ. ಆದ್ದರಿಂದ 1000 ಲೂಮೆನ್ನಿಗೆ ಒಂದು ಗಂಟೆ, 100 ಲೂಮೆನ್ನಿಗೆ ಹತ್ತು ಗಂಟೆ. ಒಂದೇ ಸೆಲ್ಲಿನಿಂದ 5000 ಲೂಮೆನ್ ಬೆಳಕು 8 ಗಂಟೆ ಬರುವುದೆಂದು ಜಾಹೀರಾತು ಹೇಳಿದರೆ, ಅದಕ್ಕೆ 400 ವ್ಯಾಟ್‌ಗಂಟೆ ಶಕ್ತಿ ಬೇಕು. ಅಂದರೆ ಅಂತಹ ಮೂವತ್ತೇಳು ಸೆಲ್ಲುಗಳು.

ಕಣ್ಣಿನ ಸ್ವಭಾವವನ್ನೂ ಮರೆಯುವಂತಿಲ್ಲ. ಬೆಳಕು ನಾಲ್ಕು ಪಟ್ಟಾದಾಗ ಕಣ್ಣಿಗೆ ಸುಮಾರು ಎರಡು ಪಟ್ಟಾದಂತೆ ತೋರುತ್ತದೆ. 800ರಿಂದ 1000 ಲೂಮೆನ್ನಿಗೆ ಏರಲು ಹೆಚ್ಚು ಹಣ ಕೊಟ್ಟವರಿಗೆ ವ್ಯತ್ಯಾಸವೇ ತಿಳಿಯದಿರಬಹುದು. ಬದುವಿನ ಮೇಲೆ ನಡೆಯಲು ಎಡೆಬಿಡದೆ ಸಿಗುವ 100ರಿಂದ 200 ಲೂಮೆನ್ ಸಾಕಾಗುತ್ತದೆ.

ಹರಹು ಮತ್ತು ಬಣ್ಣ

ಕಾಲದಾರಿಗೆ ಅಗಲವಾಗಿ ಹರಡುವ ಬೆಳಕು, ಹೊಲದ ಇನ್ನೊಂದು ತುದಿ ನೋಡಲು ಚೂಪಾದ ಕಿರಣ ಬೇಕು. ಪಂಪ್‌ಹೌಸಿನಲ್ಲಿ ಫ್ಯೂಸ್ ಹಾಕುವಾಗ ಎರಡೂ ಕೈ ಬಿಡುವಾಗಿರಬೇಕಾದುದರಿಂದ ತಲೆಗೆ ಕಟ್ಟುವ ದೀಪವೇ ಸರಿ. ಮುಂಭಾಗವನ್ನು ಎಳೆದು ಕಿರಣವನ್ನು ಹಿಗ್ಗಿಸಿ ಕುಗ್ಗಿಸುವ ಅಗ್ಗದ ಟಾರ್ಚುಗಳು ಎರಡಕ್ಕೂ ಒದಗುವಂತೆ ಕಂಡರೂ, ಜಾರುವ ಆ ಭಾಗದ ಸಂದಿಯಿಂದಲೇ ನೀರು, ಧೂಳು ಒಳಸೇರುತ್ತವೆ.

ಅಂಗಡಿಯ ಸುಣ್ಣ ಬಳಿದ ಗೋಡೆಗೆ ಬೆಳಕು ಬಿಟ್ಟು ನೋಡುವುದು ತಪ್ಪು ಪರೀಕ್ಷೆ. ಒದ್ದೆಯಾದ ಎರೆಮಣ್ಣು ತನ್ನ ಮೇಲೆ ಬಿದ್ದ ಬೆಳಕಿನ ಬಹುಪಾಲನ್ನು ಹೀರಿಕೊಳ್ಳುತ್ತದೆ. ಶಹಾಬಾದಿನ ಕಲ್ಲುಪುಡಿಯ ದಾರಿ ಅದನ್ನು ಹಿಂದಿರುಗಿಸುತ್ತದೆ. ಗಣಿಯಲ್ಲಿ ಕಣ್ಣು ಕೋರೈಸಿದ ಟಾರ್ಚು ಎರೆಹೊಲದಲ್ಲಿ ಮಂಕೆನಿಸಿದರೆ ದೋಷ ಟಾರ್ಚಿನದಲ್ಲ.

ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಹೇಳುತ್ತಾರೆ. 6500 ಕೆಲ್ವಿನ್ ಆಸುಪಾಸಿನ ಬೆಳಕು ನೀಲಿಛಾಯೆಯದು, 4000ರಿಂದ 5000 ಕೆಲ್ವಿನ್‌ನದು ಹಗಲಿಗೆ ಹತ್ತಿರವಾದ ಮೃದುವಾದ ಬಿಳುಪು. ವಸ್ತುವಿನ ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದಕ್ಕೆ ಸಿಆರ್‌ಐ ಎಂಬ ಬೇರೆ ಸೂಚ್ಯಂಕವಿದೆ. 90 ಮತ್ತು ಮೇಲಿನದು ಉತ್ತಮ. ಅಂಥ ಎಲ್‌ಇಡಿ ಅದೇ ವಿದ್ಯುತ್ತಿಗೆ ಒಂದಿಷ್ಟು ಕಡಿಮೆ ಲೂಮೆನ್ ಕೊಡುತ್ತದೆ. ಆದರೆ ಕಂದು ಎಲೆಯ ಮೇಲೆ ಕಂದು ಮಚ್ಚೆಯ ಹಾವನ್ನು ಬೇರ್ಪಡಿಸಿ ನೋಡುವಾಗ ಕಣ್ಣಿಗೆ ನೆರವಾಗುವುದು ಬಣ್ಣದ ಈ ಸೂಕ್ಷ್ಮವೇ.

ಸೆಲ್ಲುಗಳು

ಟಾರ್ಚುಗಳು ಹೆಚ್ಚಾಗಿ ಕೆಡುವುದು ಸೆಲ್ಲಿನಿಂದ; ಎಲ್‌ಇಡಿ ಸುಡುವುದು ಅಪರೂಪ. ನೇರವಾಗಿ ಗೋಡೆಯ ಪ್ಲಗ್ಗಿಗೆ ಚುಚ್ಚುವ ಅಗ್ಗದ ರೀಚಾರ್ಜ್ ಟಾರ್ಚುಗಳಲ್ಲಿ ಸಾಮಾನ್ಯವಾಗಿ 4 ವೋಲ್ಟಿನ ಸೀಸ–ಆಮ್ಲ ಬ್ಯಾಟರಿ ಇರುತ್ತದೆ. ಪೂರ್ತಿ ಖಾಲಿಯಾಗಿ ಕೆಲವು ವಾರ ಮೂಲೆಯಲ್ಲಿ ಬಿದ್ದರೆ ಅದರ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ, ಮತ್ತೆ ಚಾರ್ಜು ಹಿಡಿಯುವುದಿಲ್ಲ. ಬಳಸದಿದ್ದರೂ ತಿಂಗಳಿಗೊಮ್ಮೆ ಚಾರ್ಜು ಮಾಡಬೇಕು.

ಲಿಥಿಯಂ–ಅಯಾನ್ ಸೆಲ್ಲುಗಳಲ್ಲಿ 18650 ಎಂಬ ಅಳತೆ ಪ್ರಚಲಿತ: 18 ಮಿಲಿಮೀಟರ್ ವ್ಯಾಸ, 65 ಮಿಲಿಮೀಟರ್ ಉದ್ದ. ಇದರ ಸಾಮರ್ಥ್ಯ ಸಾಮಾನ್ಯವಾಗಿ 3500 ಮಿಲಿಆಂಪಿಯರ್‌ಗಂಟೆಯ ಆಸುಪಾಸಿಗೇ ಮುಗಿಯುತ್ತದೆ. 9900 ಎಂದು ಬರೆದಿದ್ದರೆ ಅದು ನಕಲಿ. ನಿಜವಾದ ಸೆಲ್ 45ರಿಂದ 50 ಗ್ರಾಂ ತೂಗುತ್ತದೆ. ನಕಲಿ ಸೆಲ್ ಬಹುಮಟ್ಟಿಗೆ ಹಗುರ. ಅಕ್ಕಸಾಲಿಗನ ತಕ್ಕಡಿಯಲ್ಲಿ ತೂಗಿಸಿ ನೋಡಿದರೆ ತಿಳಿಯುತ್ತದೆ. ಭಾರತದಲ್ಲಿ ಮಾರುವ ಇಂತಹ ಸೆಲ್ಲುಗಳಿಗೆ ಐಎಸ್ 16046 ಮಾನದಂಡದಡಿ ಬಿಐಎಸ್ ನೋಂದಣಿ ಅಗತ್ಯ; ನೋಂದಣಿ ಸಂಖ್ಯೆ ‘ಆರ್’ ಅಕ್ಷರದಿಂದ ಆರಂಭವಾಗುತ್ತದೆ.

ಲಿಥಿಯಂ ಸೆಲ್ಲಿಗೆ ಬಿಸಿಲು ಶತ್ರು. 45 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಶಾಖದಲ್ಲಿ ಚಾರ್ಜು ಮಾಡುವುದು ಸಾಮಾನ್ಯವಾಗಿ ನಿಷಿದ್ಧ. ಕಲಬುರಗಿಯ ಬೇಸಿಗೆ 40 ಡಿಗ್ರಿ ದಾಟುವುದು ಹೊಸತಲ್ಲ. ಟ್ರ್ಯಾಕ್ಟರಿನ ಮೇಲೆ ಅಥವಾ ಬೈಕಿನ ಡಬ್ಬಿಯಲ್ಲಿ ಮಧ್ಯಾಹ್ನವೆಲ್ಲ ಇಟ್ಟ ಟಾರ್ಚಿನ ಶಾಖ ಅದಕ್ಕೂ ಮೇಲಿರುತ್ತದೆ. ಅದನ್ನು ನೆರಳಿನಲ್ಲಿ ಆರಿಸಿದ ಮೇಲೆಯೇ ಚಾರ್ಜರಿಗೆ ಹಾಕಬೇಕು.

ಪೇಟೆಯಿಂದ ದೂರವಿರುವವರಿಗೆ ಎಎ ಅಳತೆಯ ಸೆಲ್ ಹಾಕುವ ಟಾರ್ಚಿನಲ್ಲಿ ಒಂದು ಅನುಕೂಲವಿದೆ: ಊರಿನ ಕಿರಾಣಿ ಅಂಗಡಿಯಲ್ಲಿಯೂ ಸೆಲ್ ಸಿಗುತ್ತದೆ. ಆದರೆ ಬಿಳಿ ಎಲ್‌ಇಡಿಗೆ ಸುಮಾರು 3 ವೋಲ್ಟ್ ಬೇಕು. ಮೂರು ಪೆನ್ಸಿಲ್ ಸೆಲ್ಲುಗಳನ್ನು ಎಲ್‌ಇಡಿಗೆ ನೇರವಾಗಿ ಜೋಡಿಸಿದ ಟಾರ್ಚಿನಲ್ಲಿ ವೋಲ್ಟೇಜು ಇಳಿದಂತೆ ಬೆಳಕೂ ಕುಗ್ಗುತ್ತ ಹೋಗುತ್ತದೆ. ವಿದ್ಯುತ್ತನ್ನು ಸಮನಾಗಿ ನಿಯಂತ್ರಿಸುವ ಡ್ರೈವರ್ ಇದ್ದರೆ ಕೊನೆಯ ಹಂತದವರೆಗೆ ಬೆಳಕು ಒಂದೇ ಮಟ್ಟದಲ್ಲಿರುತ್ತದೆ. ಸೋರಿದ ಸೆಲ್ಲಿನ ಕ್ಷಾರ ಸ್ಪ್ರಿಂಗನ್ನು ತಿಂದುಹಾಕುವುದರಿಂದ, ಹಂಗಾಮು ಮುಗಿದ ಮೇಲೆ ಒಣಸೆಲ್ಲುಗಳನ್ನು ತೆಗೆದಿಡಬೇಕು. ಕೆಟ್ಟ ಸೆಲ್ಲನ್ನು ತಿಪ್ಪೆಗೆ ಎಸೆಯುವಂತಿಲ್ಲ. ಬ್ಯಾಟರಿ ತ್ಯಾಜ್ಯವನ್ನು ಮರಳಿ ಸಂಗ್ರಹಿಸುವ ಹೊಣೆಯನ್ನು 2022ರ ನಿಯಮಗಳು ತಯಾರಕರ ಮೇಲೆ ಹೊರಿಸಿವೆ.

ವಿಶ್ವಾಸಾರ್ಹತೆ

ಅಲ್ಯೂಮಿನಿಯಂ ಹೊದಿಕೆಯ ಟಾರ್ಚು ಕೈಗೆ ಬೆಚ್ಚಗಾದರೆ ಗಾಬರಿಯಾಗಬೇಕಿಲ್ಲ. ಎಲ್‌ಇಡಿಯ ಶಾಖ ಹೊರಬರುತ್ತಿದೆ ಎಂದೇ ಅರ್ಥ. ಐಪಿಎಕ್ಸ್4 ಎಂದರೆ ಸಿಡಿಯುವ ನೀರಿನಿಂದ, ಐಪಿಎಕ್ಸ್7 ಎಂದರೆ ಒಂದು ಮೀಟರ್ ಆಳದಲ್ಲಿ 30 ನಿಮಿಷ ಮುಳುಗುವುದರಿಂದ ರಕ್ಷಣೆ. ‘ಎಕ್ಸ್’ ಇರುವೆಡೆ ಧೂಳಿನ ಪರೀಕ್ಷೆ ನಮೂದಾಗಿಲ್ಲವೆಂದು ತಿಳಿಯಬೇಕು. ಆದುದರಿಂದ ವಾಡಿ, ಸೇಡಂ ಭಾಗದವರಿಗೆ ಐಪಿ67 ಅಥವಾ ಐಪಿ68 ಎಂಬ ಗುರುತು ಹೆಚ್ಚು ಉಪಯುಕ್ತ. ತಿರುಪಿನ ಎಳೆಗಳಲ್ಲಿ ಸಿಮೆಂಟಿನ ಧೂಳು ಕೂತರೆ ರಬ್ಬರ್ ಉಂಗುರ ಸವೆಯುತ್ತದೆ. ಒಣ ಬಟ್ಟೆಯಿಂದ ಒರೆಸಿ ಸ್ವಲ್ಪ ಸಿಲಿಕೋನ್ ಗ್ರೀಸ್ ಹಚ್ಚಿದರೆ ಸಾಕು.

ಗುಂಡಿ ಒತ್ತಿದೊಡನೆ ಹೊತ್ತಬೇಕು, ಹಿಂದೆ ಆರಿಸಿದ ಮಟ್ಟದಲ್ಲಿಯೇ ಹೊತ್ತಬೇಕು. ಪ್ರತಿ ಸಲವೂ ಮಿಣುಕುವ ದೀಪ, ಎಸ್‌ಒಎಸ್ ಎಂದು ಐದು ಬಗೆಗಳನ್ನು ದಾಟಿಸಿ ಬರಬೇಕಾದ ಟಾರ್ಚು ಕತ್ತಲಲ್ಲಿ ಸಹನೆಯನ್ನು ಪರೀಕ್ಷಿಸುತ್ತದೆ. ಬಿಗಿಯಾದ ಹಿಂಬದಿಯ ಸ್ವಿಚ್ಚು ಕೆಸರುಗೈಗೂ ಸಿಗುತ್ತದೆ. ಚೀಲದಲ್ಲಿ ತಾನೇ ಹೊತ್ತಿಕೊಳ್ಳದಂತೆ, ಅನೇಕ ಟಾರ್ಚುಗಳ ಹಿಂಬದಿಯ ಮುಚ್ಚಳವನ್ನು ಕಾಲು ಸುತ್ತು ಸಡಿಲಿಸಿಡಬಹುದು.

ಬಳಕೆಯ ಎಚ್ಚರಿಕೆಗಳು

ಧೂಳು ಅಥವಾ ಮಂಜಿನಲ್ಲಿ ಟಾರ್ಚನ್ನು ಕಣ್ಣಿನ ಮಟ್ಟದಲ್ಲಿ ಹಿಡಿದರೆ ಬೆಳಕು ಚದುರಿ ಹಿಂದಕ್ಕೆ ಹೊಡೆಯುತ್ತದೆ. ಸೊಂಟದ ಕೆಳಗೆ ಹಿಡಿದರೆ ದಾರಿ ಕಾಣುತ್ತದೆ. ಕಲ್ಲಿದ್ದಲು ಪುಡಿ ಮಾಡುವ ಘಟಕದಂತಹ ಸ್ಫೋಟದ ಅಪಾಯವಿರುವ ಕಡೆ ಸಾಮಾನ್ಯ ಟಾರ್ಚು ಸಲ್ಲದು. ಅದಕ್ಕೆಂದೇ ಪ್ರಮಾಣೀಕರಿಸಿದ ದೀಪಗಳಿವೆ.

ರೈಲು ಮಾರ್ಗದ ಬಳಿ ಇರುವವರು ಅರಿತಿರಬೇಕಾದ ಸಂಗತಿಯೊಂದಿದೆ. ಭಾರತೀಯ ರೈಲ್ವೆಯ ನಿಯಮದಂತೆ ರಾತ್ರಿ ಕೆಂಪು ದೀಪ ತೋರಿಸುವುದಷ್ಟೇ ಅಲ್ಲ, ಬಿಳಿ ದೀಪವನ್ನು ದೇಹಕ್ಕೆ ಅಡ್ಡಲಾಗಿ ಜೋರಾಗಿ ಬೀಸುವುದೂ ‘ನಿಲ್ಲಿಸು’ ಎಂಬ ಕೈಸನ್ನೆಯೇ. ಹಳಿಯ ಮೇಲೆ ಬಂಡೆಯೋ ದನವೋ ಬಿದ್ದಿರುವಾಗ ಈ ತಿಳಿವಳಿಕೆ ಪ್ರಾಣ ಉಳಿಸಬಲ್ಲದು. ತಮಾಷೆಗಾಗಿ ಬೀಸಿದರೆ ಗಾಡಿ ನಿಂತುಹೋಗುತ್ತದೆ.